ಹೊಲದ ಮನೆಗೆ ಸೋಲಾರಾ, ಗಾಳಿ ಫ್ಯಾನಾ? ಎರಡನ್ನೂ ಹಾಕಿಸಿ ನೋಡಿದೆ

ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ದೊಡ್ಡ ಫ್ಯಾನುಗಳನ್ನು ದಿನಾ ನೋಡುವ ನಮಗೆ ಗಾಳಿ ಕರೆಂಟಿನ ಆಸೆ ಜಾಸ್ತಿ. ಗದಗ ಜಿಲ್ಲೆಯ ನಮ್ಮ ಹೊಲದ ಮನೆಗೆ ಲೈನು ಬಂದಿಲ್ಲ. ಅದಕ್ಕೇ ಒಂದು ಕಿಲೋವಾಟ್ ಸೋಲಾರ್ ಪ್ಯಾನೆಲ್, ಅಷ್ಟೇ ಸಾಮರ್ಥ್ಯದ ಸಣ್ಣ ಫ್ಯಾನು, ಎರಡನ್ನೂ ಹಾಕಿಸಿದೆ. ಬೇರೆ ಬೇರೆ ಮೀಟರ್ ಇಟ್ಟು ವರ್ಷಪೂರ್ತಿ ಲೆಕ್ಕ ಬರೆದೆ.

ಬೇಸಿಗೆಯಲ್ಲಿ ಪ್ಯಾನೆಲ್‌ಗಳಿಂದ ದಿನಕ್ಕೆ 4ರಿಂದ 5 ಯೂನಿಟ್ ಬಂತು. ಆಷಾಢದ ಮೋಡದಲ್ಲಿ ಅದು 2ಕ್ಕೆ ಇಳಿಯಿತು. ಫ್ಯಾನಿನದು ಇದರ ಉಲ್ಟಾ. ಆಷಾಢ, ಶ್ರಾವಣದಲ್ಲಿ 3ರಿಂದ 4 ಯೂನಿಟ್ ಕೊಟ್ಟಿತು. ರಾತ್ರಿಯೂ ತಿರುಗುವುದರಿಂದ ಬೆಳಗಿನ ಹೊತ್ತಿಗೆ ಬ್ಯಾಟರಿ ಖಾಲಿ ಆಗಿರುತ್ತಿರಲಿಲ್ಲ. ಆ ಎರಡು ತಿಂಗಳು ಅದನ್ನು ನೋಡಿದರೆ ಖುಷಿ ಆಗುತ್ತಿತ್ತು. ದಸರಾ ಕಳೆದ ಮೇಲೆ ಅರ್ಧ ಯೂನಿಟ್ಟೂ ಕಷ್ಟ.

ಯಾಕೆ ಹೀಗೆ? ಗಾಳಿಯ ವೇಗ ಅರ್ಧ ಆದರೆ ಅದರ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫ್ಯಾನಿನ ಮೇಲೆ ಬರೆದ ಒಂದು ಕಿಲೋವಾಟ್ ಸಿಗಬೇಕಾದರೆ ಗಾಳಿ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಬೀಸಬೇಕು. ನಮ್ಮ ಕಂಬ ಬರೀ 9 ಮೀಟರ್, ಪಕ್ಕದಲ್ಲೇ ಬೇವಿನ ಗಿಡ. ಗಿಡಕ್ಕೆ ಬಡಿದು ಸುಳಿ ಸುತ್ತುವ ಗಾಳಿ ಫ್ಯಾನಿಗೆ ಉಪಯೋಗಕ್ಕೆ ಬರುವುದಿಲ್ಲ. ಕಂಬ ನಿಲ್ಲಿಸುವ ಮೊದಲೇ ಇದನ್ನು ಯೋಚಿಸಬೇಕಿತ್ತು, ಈಗಲೂ ಬೇಜಾರಾಗುತ್ತದೆ.

ಖರ್ಚಿನಲ್ಲೂ ತುಂಬ ವ್ಯತ್ಯಾಸ. ಫ್ಯಾನು, ಕಂಬ, ಕಾಂಕ್ರೀಟ್ ಸೇರಿ ಪ್ಯಾನೆಲ್‌ಗಳ ಮೂರು ಪಟ್ಟು ಹಣ ಹೋಯಿತು. ಹತ್ತೇ ತಿಂಗಳಿಗೆ ಬೇರಿಂಗ್ ಸದ್ದು ಮಾಡತೊಡಗಿತು. ಮಾರಿದವರಿಗೆ ಫೋನ್ ಮಾಡಿದರೆ ನಾಳೆ, ನಾಡಿದ್ದು ಅಂದರು. ಕೊನೆಗೆ ಕಂಬ ಇಳಿಸಿ ಬೇರಿಂಗ್ ಬದಲಿಸಲು ಆರು ಜನ ಬೇಕಾದರು. ಅಷ್ಟು ದಿನವೂ ಅವ್ವನದು ಒಂದೇ ಮಾತು: "ರಾತ್ರಿಯೆಲ್ಲಾ ಗುಂಯ್ ಅಂತೈತಿ, ನಿದ್ದಿ ಬರವಲ್ದು."

ಪ್ಯಾನೆಲ್‌ಗೆ ಬೇಕಾಗಿದ್ದು ವಾರಕ್ಕೊಮ್ಮೆ ಒಂದೆರಡು ಕೊಡ ನೀರು. ಎರೆ ಹೊಲದ ಧೂಳು ಕೂತರೆ ಕರೆಂಟು ಕಡಿಮೆ ಆಗುವುದು ಮೀಟರಿನಲ್ಲೇ ಕಾಣುತ್ತದೆ. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆ ಇಟ್ಟಿದ್ದೇವೆ. ನೆರಳು ಮಾತ್ರ ಬೀಳಬಾರದು. ಒಂದು ಮೂಲೆಗೆ ಬಿದ್ದರೂ ಜೋಡಿಸಿದ ಇಡೀ ಸಾಲು ಸೊರಗುತ್ತದೆ.

ಬ್ಯಾಟರಿ ಮಾತು ಬೇರೆ. 150 ಆಂಪಿಯರ್-ಅವರ್‌ನ 12 ವೋಲ್ಟಿನ ಎರಡು ಟ್ಯೂಬುಲರ್ ಬ್ಯಾಟರಿ ಇವೆ. ಲೆಕ್ಕಕ್ಕೆ 3.6 ಯೂನಿಟ್. ಅರ್ಧಕ್ಕಿಂತ ಜಾಸ್ತಿ ಎಳೆದರೆ ಬೇಗ ಹಾಳಾಗುತ್ತವೆ, ಹಾಗಾಗಿ ನಿಜಕ್ಕೂ ಕೈಗೆ ಸಿಗುವುದು 1.8 ಯೂನಿಟ್. ಬ್ಯಾಟರಿ ತುಂಬಿದಾಗ ಪ್ಯಾನೆಲನ್ನು ಸುಮ್ನೆ ಕಡಿದು ಬಿಡಬಹುದು. ಫ್ಯಾನನ್ನು ಹಾಗೆ ಬಿಟ್ಟರೆ ಹುಚ್ಚು ವೇಗದಲ್ಲಿ ತಿರುಗುತ್ತದೆ. ಹೆಚ್ಚಾದ ಕರೆಂಟು ಸುಡಲು ಒಂದು ಹೀಟರ್ ಕಾಯಿಲ್ ಇರಲೇಬೇಕು.

ಮುಂಡರಗಿ ಕಡೆ ಹೊಲ ಮಾಡಿರುವ ಕಾಕಾನ ಮಗ ಮೊನ್ನೆ ಕೇಳಿದ, ಅಣ್ಣಾ, ನಾನೂ ಫ್ಯಾನು ಹಾಕಿಸಲೇನು ಅಂತ. ಮೊದಲು ಪ್ಯಾನೆಲ್ ಹಾಕು, ಉಳಿದ ಹಣಕ್ಕೆ ಇನ್ನೆರಡು ಬ್ಯಾಟರಿ ತಗೋ ಅಂದೆ. ಅವನ ಹೊಲ ದಿಬ್ಬದ ಮೇಲಿದೆ, ಸುತ್ತ ಒಂದು ಗಿಡವೂ ಇಲ್ಲ. ಒಂದು ವರ್ಷ ಅಲ್ಲಿನ ಗಾಳಿ ಅಳೆದು ನೋಡೋಣ, ಅಳೆಯುವ ಮೀಟರ್ ನಾನೇ ತರುತ್ತೇನೆ ಅಂತ ಹೇಳಿದ್ದೇನೆ.