ಬೇಸಿಗೆ ಫೆಲೋಶಿಪ್ಪೋ, ಲ್ಯಾಬಿನ ಇಂಟರ್ನ್‌ಶಿಪ್ಪೋ?

ಮೆಕ್ಯಾನಿಕಲ್ ಓದುವಾಗ ನಾನು ಎರಡನ್ನೂ ಮಾಡಿದ್ದೇನೆ. ಮೂರನೇ ವರ್ಷದ ರಜೆಯಲ್ಲಿ ವಿಜ್ಞಾನ ಅಕಾಡೆಮಿಗಳ ಎರಡು ತಿಂಗಳ ಫೆಲೋಶಿಪ್. ಕೊನೇ ಸೆಮಿಸ್ಟರಿನಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಏರೋಸ್ಪೇಸ್ ಲ್ಯಾಬಿನಲ್ಲಿ ನಾಲ್ಕು ತಿಂಗಳ ಪ್ರಾಜೆಕ್ಟ್.

ಫೆಲೋಶಿಪ್ ನಡೆಸುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಇನ್ಸಾ, ಪ್ರಯಾಗರಾಜಿನ ನಾಸಿ, ಈ ಮೂರೂ ಅಕಾಡೆಮಿಗಳು ಸೇರಿ. ನನಗೆ ಸಿಕ್ಕಿದ್ದು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಗಾಜಿನ ತೊಟ್ಟಿಯ ನೀರಿಗೆ ಬಣ್ಣ ಬಿಟ್ಟು, ಅದು ಉಂಗುರವಾಗಿ ಸಾಗುವುದನ್ನು ಕ್ಯಾಮೆರಾದಲ್ಲಿ ಹಿಡಿಯುವ ಕೆಲಸ. ಮೊದಲ ವಾರ ಉಂಗುರ ಅರ್ಧ ದಾರಿಗೇ ಚದುರಿಹೋಗುತ್ತಿತ್ತು. ನಾನು ಬೇಸರದಿಂದ ವಿಡಿಯೋ ತೋರಿಸಿದರೆ ಗೈಡ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಕೂತರು. "ಯಾಕೆ ಒಡೀತು? ನಿನಗೇನನ್ನಿಸುತ್ತೆ?" ಅಂದರು. ಕಾಲೇಜಿನಲ್ಲಿ ಮೂರು ವರ್ಷ ಯಾರೂ ನನಗೆ ಹಾಗೆ ಕೇಳಿರಲಿಲ್ಲ. ತಿಂಗಳಿಗೆ ಸ್ಟೈಪೆಂಡ್ ಇತ್ತು, ರೈಲಿನ ಖರ್ಚೂ ಬಂತು.

ಲ್ಯಾಬಿನದು ಬೇರೆಯೇ ಲೋಕ. ಸ್ಟೈಪೆಂಡ್ ಇಲ್ಲ. ಕಾಲೇಜಿನ ಪತ್ರ, ಪೊಲೀಸ್ ವೆರಿಫಿಕೇಶನ್ ಅಂತ ಪಾಸ್ ಕೈಗೆ ಬರುವಷ್ಟರಲ್ಲಿ ಎರಡು ವಾರ ಸುಮ್ನೆ ಹೋಯಿತು. ಫೋನ್ ಗೇಟಿನಲ್ಲೇ ಬಿಡಬೇಕು, ಪೆನ್‌ಡ್ರೈವ್ ಒಳಗೆ ಬಿಡೋದೇ ಇಲ್ಲ. ರಿಪೋರ್ಟಿಗೆ ಅನುಮತಿ ಸಿಕ್ಕಿದ್ದು ಕಾಲೇಜಿಗೆ ಕೊಡಬೇಕಾದ ಹಿಂದಿನ ದಿನ. ಆ ವಾರ ನಿದ್ದೆಯೇ ಬರಲಿಲ್ಲ.

ಆದರೆ ಅಲ್ಲಿನ ವಿಂಡ್ ಟನಲ್, ಅಂದರೆ ಮಾಡೆಲ್ ಮೇಲೆ ಜೋರಾಗಿ ಗಾಳಿ ಹಾಯಿಸಿ ಅಳೆಯುವ ಸುರಂಗ, ಇನ್ನೆಲ್ಲಿ ಮುಟ್ಟೋಕೆ ಸಿಗುತ್ತದೆ? ರೆಕ್ಕೆಯ ಮಾಡೆಲ್ ಮೇಲೆ ಸೂಜಿ ತೂರುವಷ್ಟು ಸಣ್ಣ ತೂತುಗಳು. ಗಾಳಿಯ ಒತ್ತಡ ಅಳೆಯೋಕೆ ಒಂದೊಂದಕ್ಕೂ ಒಂದೊಂದು ತೆಳು ಪ್ಲಾಸ್ಟಿಕ್ ಟ್ಯೂಬ್. ಪ್ರತಿಯೊಂದಕ್ಕೂ ನಂಬರ್ ಚೀಟಿ ಅಂಟಿಸಿ, ಲೀಕ್ ಇದೆಯಾ ಅಂತ ನೋಡಬೇಕು. "ನಿಧಾನ ಕಣಪ್ಪಾ, ಒಂದು ಟ್ಯೂಬ್ ಮಡಚಿಕೊಂಡ್ರೂ ರೀಡಿಂಗ್ ತಪ್ಪುತ್ತೆ" ಅಂತ ಹಿರಿಯ ಟೆಕ್ನಿಶಿಯನ್ ಒಬ್ಬರು ಕೈ ಹಿಡಿದು ಕಲಿಸಿದರು. ಗಾಳಿ ಬಿಡುವುದು ಸ್ವಲ್ಪ ಹೊತ್ತು, ತಯಾರಿ ಮಾತ್ರ ದಿನಗಟ್ಟಲೆ. ಅಳತೆ ಅಂದರೆ ಏನು ಅಂತ ನನಗೆ ತಿಳಿದದ್ದು ಅಲ್ಲಿಯೇ.

ಮುಂದೆ ಸಂಶೋಧನೆಗೇ ಹೋಗುವ ಆಸೆ ಇದ್ದರೆ ಫೆಲೋಶಿಪ್ ಮೊದಲು ಮಾಡಿ. ಪ್ರಶ್ನೆ ಹುಟ್ಟೋದು ಅಲ್ಲಿ. ಕೈ ಪಳಗಬೇಕು ಅನ್ನುವವರಿಗೆ ಲ್ಯಾಬೇ ಸರಿ, ಆದರೆ ಊಟ, ಬಾಡಿಗೆಗೆ ಮನೆಯಿಂದ ದುಡ್ಡು ಬರುವ ಹಾಗಿರಬೇಕು. ಇದು ನನಗೆ ನಿಜಕ್ಕೂ ನೋವಿನ ವಿಷಯ. ನನಗಿಂತ ಜಾಣನಾಗಿದ್ದ ರೂಮ್‌ಮೇಟ್ ಬರೀ ದುಡ್ಡಿಲ್ಲದೆ ಬಿಟ್ಟ. ಅಂಥವರು ಗೇಟ್ ಪರೀಕ್ಷೆ ಬರೆದು ಜೆಆರ್‌ಎಫ್ ಕಡೆ, ಅಂದರೆ ಸಂಶೋಧನೆ ಮಾಡುವವರಿಗೆ ತಿಂಗಳ ಹಣ ಕೊಡುವ ಫೆಲೋಶಿಪ್ ಕಡೆ, ನೋಡಬಹುದು. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಬಾಡಿಗೆ ಭತ್ಯೆ ಬೇರೆ.

ಅಕಾಡೆಮಿ ಫೆಲೋಶಿಪ್ಪಿಗೆ ಮೇಷ್ಟ್ರ ಶಿಫಾರಸು ಪತ್ರ ಬೇಕು. ನಾನು ಅರ್ಜಿ ಹಾಕಿದ್ದು ಹಿಂದಿನ ನವೆಂಬರಿನಲ್ಲಿ. ಏಪ್ರಿಲ್‌ನಲ್ಲಿ ವಿಚಾರಿಸೋಕೆ ಬರುವವರೇ ಜಾಸ್ತಿ. ದಸರಾ ರಜೆ ಮುಗಿದ ಕೂಡಲೇ ಮೇಷ್ಟ್ರನ್ನು ಕೇಳಿಬಿಡಿ.