ಮರದ ಬುಲ್ಸ್‌-ಐ, ರಟ್ಟಿನ ಬ್ರೌನಿ: ಯಾವುದು ಕೊಳ್ಳಬೇಕು?

ಕೊಡಾಕ್‌ನ ಹಳೆಯ ಡಬ್ಬಿ ಕ್ಯಾಮೆರಾಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ನಂ. 2 ಬುಲ್ಸ್‌-ಐ ಕೊಳ್ಳಿ. ಮರದ ಮೈ, ಮೇಲೆ ಕರಿ ಚರ್ಮ. ನಂ. 2 ಬ್ರೌನಿ ಅಗ್ಗ, ಹಗುರ, ಆದರೆ ರಟ್ಟು. ನಮ್ಮ ಮಳೆಗಾಲದ ತೇವ ಹೀರಿ ಮೂಲೆ ಮೆತ್ತಗಾದರೆ ಮತ್ತೆ ಬಿಗಿಯಾಗದು. ಮರದ ಕೀಲು ಬಿಟ್ಟರೆ ಬಡಗಿಯ ಅಂಟು ಹಚ್ಚಿ ಒಂದು ರಾತ್ರಿ ಬಿಗಿದಿಟ್ಟರೆ ಸಾಕು.

ಬ್ರೌನಿ ಗೆಲ್ಲುವುದು ಫಿಲ್ಮ್‌ನಲ್ಲಿ. 120 ಫಿಲ್ಮ್ ಹುಟ್ಟಿದ್ದೇ 1901ರಲ್ಲಿ, ಅದಕ್ಕಾಗಿ. ಇಂದಿಗೂ ಸಿಗುತ್ತದೆ, ರೋಲಿಗೆ 8 ಚಿತ್ರ.

ಬುಲ್ಸ್‌-ಐ ಕಾಡುವುದೂ ಇಲ್ಲೇ. ಅದಕ್ಕೆ ಬೇಕಾದ 101 ಫಿಲ್ಮ್ 1956ರಲ್ಲೇ ನಿಂತುಹೋಯಿತು. ಅದರ ಅಗಲ ಮೂರೂವರೆ ಇಂಚು, ಅಂದರೆ 89 ಮಿ.ಮೀ.; 120ರದ್ದು 61. ಹಾಗಾಗಿ ಬುಲ್ಸ್‌-ಐನಲ್ಲಿ 120 ಹಾಕಲು ಎರಡೂ ಸ್ಪೂಲಿನ (ಫಿಲ್ಮ್ ಸುತ್ತುವ ಉರುಳೆಯ) ಎರಡೂ ತುದಿಗೆ ಸುಮಾರು 14 ಮಿ.ಮೀ. ಅಡಾಪ್ಟರ್, ಅಂದರೆ ಅಂತರ ತುಂಬುವ ಜೋಡಣೆ, ಬೇಕು. ಅಷ್ಟಕ್ಕೇ ನಿಲ್ಲಿಸಿದರೆ ಫಿಲ್ಮ್‌ನ ಅಂಚಿಗೆ ಆಸರೆಯಿಲ್ಲದೆ ನಡುವೆ ಉಬ್ಬಿ ಚಿತ್ರ ಮಸುಕಾಗುತ್ತದೆ. ಚೌಕಟ್ಟಿನ ಎರಡೂ ಬದಿಗೆ ಕಪ್ಪು ರಟ್ಟಿನ ಪಟ್ಟಿ ಅಂಟಿಸಿ, ನಡುವೆ 56 ಮಿ.ಮೀ. ಬಿಡಿ. ಫಿಲ್ಮ್ ಇರುವ ಸ್ಪೂಲಿನ ಕೆಳಗೆ ಚೂರು ಫೆಲ್ಟ್ ಇಟ್ಟರೆ ಸುರುಳಿ ಸಡಿಲವಾಗದು.

ಆಮೇಲೆ ಎಣಿಕೆ. ಕ್ಯಾಮೆರಾದ ಬೆನ್ನಿನ ನಡುವಿನ ಕೆಂಪು ಕಿಟಕಿಯಲ್ಲಿ ಕಾಣುವುದು, ಫಿಲ್ಮಿನ ಹಿಂಬದಿಯ ಕಾಗದದಲ್ಲಿ 6×6 ಸೆಂ.ಮೀ. ಚಿತ್ರಕ್ಕೆಂದು ಅಚ್ಚಾದ ಸಾಲಿನ ಸಂಖ್ಯೆಗಳು. ಅವುಗಳ ನಡುವಿನ ಅಂತರ ಈ ಕ್ಯಾಮೆರಾದ ಚೌಕಟ್ಟಿಗಿಂತ ಕಡಿಮೆ. ಒಂದೊಂದೇ ತಿರುಗಿಸಿದರೆ ಚಿತ್ರದ ಮೇಲೆ ಚಿತ್ರ ಕೂರುತ್ತದೆ. 2, 4, 6, 8, 10ರಲ್ಲಿ ನಿಲ್ಲಿಸಿ: ಐದು ಚಿತ್ರ. ವ್ಯೂಫೈಂಡರ್ ತೋರಿಸುವ ಚೌಕದ ಎರಡು ಅಂಚು ಫಿಲ್ಮಿಗೆ ಬರುವುದಿಲ್ಲ, ನೆನಪಿರಲಿ.

ಆ ಸಂಖ್ಯೆ-ಕಿಟಕಿಯ ಉಪಾಯವೇ ಬುಲ್ಸ್‌-ಐನದು. 1892ರಲ್ಲಿ ಬಾಸ್ಟನ್‌ನ ಸ್ಯಾಮ್ಯುಯೆಲ್ ಟರ್ನರ್ ತಂದದ್ದು. 1895ರಲ್ಲಿ ಕೊಡಾಕ್ ಸ್ಥಾಪಕ ಜಾರ್ಜ್ ಈಸ್ಟ್‌ಮನ್ ಟರ್ನರ್‌ನ ಕಂಪನಿಯನ್ನೇ ಕೊಂಡರು. ಸಂಗ್ರಾಹಕರಿಗೆ ಇದರ ಬೆಲೆ ಇರುವುದು ಇಲ್ಲಿ.

ಕಿಟಕಿಗೆ ಕಪ್ಪು ಟೇಪ್ ಅಂಟಿಸಿ, ತಿರುಗಿಸುವಾಗ ಮಾತ್ರ ನೆರಳಿನಲ್ಲಿ ಎತ್ತಿ. ಇಂದಿನ ಪ್ಯಾಂಕ್ರೋಮ್ಯಾಟಿಕ್ (ಎಲ್ಲ ಬಣ್ಣದ ಬೆಳಕನ್ನೂ ಹಿಡಿಯುವ) ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ. ಇದು ಬ್ರೌನಿಗೂ ಅನ್ವಯ.

ಲೆನ್ಸ್, ಶಟರ್ ಎರಡೂ ಕ್ಯಾಮೆರಾಗಳಲ್ಲಿ ಸರಳ. 100 ಐಎಸ್‌ಒ (ಬೆಳಕಿನ ಸೂಕ್ಷ್ಮತೆಯ ಅಳತೆ) ಫಿಲ್ಮ್ ಹಾಕಿ, ಬಿಸಿಲಿನಲ್ಲಿ, ಲೆನ್ಸಿನ ಸಣ್ಣ ರಂಧ್ರ ಇಟ್ಟು ತೆಗೆಯಿರಿ.

ಕೊಳ್ಳುವಾಗ ಚರ್ಮ ಉಜ್ಜಿ ನೋಡಿ. ಬೆರಳಿಗೆ ಕಂದು ಪುಡಿ ಹತ್ತಿದರೆ ಚರ್ಮ ಸತ್ತಿದೆ, ಎಣ್ಣೆ ಹಚ್ಚಿ ಫಲವಿಲ್ಲ. ಮರದಲ್ಲಿ ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟು ಕಂಡರೆ ಹುಳು ಇನ್ನೂ ಇದೆ, ಬಿಟ್ಟುಬಿಡಿ.

ವರ್ಷಕ್ಕೆ ನಾಲ್ಕೈದು ರೋಲ್ ತೆಗೆಯುವ ನನಗೆ ಐದೈದು ಚಿತ್ರ ಸಾಕು, ಅಡಾಪ್ಟರಿನ ಖರ್ಚೂ ಒಮ್ಮೆಯದು. ವಾರವಾರ ತೆಗೆಯುವವರು, ಕೈ ಬಿಗಿ ಇರುವವರು ಬ್ರೌನಿಯನ್ನೇ ಕೊಳ್ಳಲಿ, ಆದರೆ 1924ರ ನಂತರದ ಅಲ್ಯೂಮಿನಿಯಂ ಮೈಯದ್ದನ್ನು.