ಪ್ರಿಂಟರ್‌ನ ಖಾಲಿ ಕಾರ್ಟ್ರಿಜ್ (ಇಂಕ್ ಡಬ್ಬಿ) ಯಾರ ಕೈಗಾದರೂ ಕೊಡುವ ಮೊದಲು ಓದಿ (ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ)

ಮನೆಯಲ್ಲಿ ಪ್ರಿಂಟರ್ ಇರುವವರು, ಸಣ್ಣ ಝೆರಾಕ್ಸ್ ಅಂಗಡಿ ನಡೆಸುವವರು ದಯವಿಟ್ಟು ಇದನ್ನು ಓದಿ. ರೀಫಿಲ್ ಮಾಡಿಕೊಡುತ್ತೇವೆ ಅಂತ ಬೈಕಿನಲ್ಲಿ ಅಂಗಡಿ ಅಂಗಡಿ ತಿರುಗುವವರ ಕೈಗೆ ಕಾರ್ಟ್ರಿಜ್ ಕೊಟ್ಟು ಕಳಿಸಬೇಡಿ. ನಿಮ್ಮ ಕಣ್ಣೆದುರೇ ತುಂಬಿಸುವುದಾದರೆ ಮಾತ್ರ ಕೊಡಿ.

ರೀಫಿಲ್ ಮಾಡಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಾಝಲ್ (ಇಂಕ್ ಚಿಮ್ಮುವ ಸಣ್ಣ ತೂತುಗಳು), ಸರ್ಕ್ಯೂಟ್ ಎಲ್ಲ ಸರಿ ಇದ್ದೂ ಇಂಕ್ ಮುಗಿಯಿತು ಅಂತ ಅಷ್ಟು ಗಟ್ಟಿ ಡಬ್ಬಿ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಈ ಹೆಸರಲ್ಲಿ ನಮ್ಮ ಅಂಗಡಿಗೆ ಆದ ಮೋಸ ನಿಮಗೆ ಆಗಬಾರದು.

ಹೊಸ ಕಾರ್ಟ್ರಿಜ್ ಹಾಕಿದಾಗ ಮಾರ್ಕರ್ ಪೆನ್ನಿನಿಂದ ತಾರೀಖು ಬರೆಯುವುದು ನಮ್ಮ ರೂಢಿ. ಜೂನ್‌ನಲ್ಲಿ ಕಪ್ಪು ಮತ್ತು ಕಲರ್ ಎರಡನ್ನೂ ಹೀಗೆ ಬೈಕಿನಲ್ಲಿ ಬಂದ ಒಬ್ಬ ರೀಫಿಲ್‌ಗೆ ಅಂತ ತೆಗೆದುಕೊಂಡು ಹೋದ. ವಾಪಸ್ ತಂದ ಕಪ್ಪು ಕಾರ್ಟ್ರಿಜ್ ಮೇಲೆ ತಾರೀಖೇ ಇಲ್ಲ. ಲೇಬಲ್‌ನ ಮೂಲೆ ಎದ್ದಿತ್ತು, ಹಿಂದೆ ಪ್ರಿಂಟರ್‌ಗೆ ತಾಗುವ ತಾಮ್ರದ ಬಣ್ಣದ ಚುಕ್ಕೆಗಳ ಮೇಲೆ ಗೀರು ಬಿದ್ದಿತ್ತು. ಕೇಳಿದರೆ "ಇಂಕ್ ಚೆಲ್ಲಿತ್ತು ಸಾರ್, ಒರೆಸುವಾಗ ಅಳಿಸಿ ಹೋಯ್ತು" ಅಂದ. ನಮ್ಮ ಒಳ್ಳೆಯ ಕಾರ್ಟ್ರಿಜ್ ಇಟ್ಟುಕೊಂಡು ಯಾರದ್ದೋ ಸವೆದು ಹೋದದ್ದನ್ನು ತುಂಬಿಸಿ ಕೊಟ್ಟಿದ್ದ. ಅಷ್ಟರಲ್ಲಿ ಅಂಗಡಿ ತುಂಬ ಜನ, ಬೆಳೆ ವಿಮೆಯ ಗಡುವು ಹತ್ತಿರ ಬಂದಿತ್ತು. ಪ್ರಿಂಟ್ ನೋಡಲು ಚೆನ್ನಾಗಿಯೇ ಬರುತ್ತಿತ್ತು.

ಪೆಟ್ಟು ಬಿದ್ದದ್ದು ಸಾಲ್ಕಣಿ ಕಡೆಯ ಒಬ್ಬ ಅಜ್ಜನಿಗೆ. ಅಡಿಕೆ, ಕಾಳುಮೆಣಸಿನ ವಿಮೆಗೆ ಜಂಟಿ ಖಾತೆಯವರ ಒಪ್ಪಿಗೆ ಪತ್ರ ನಮ್ಮಲ್ಲೇ ಪ್ರಿಂಟ್ ಮಾಡಿಸಿದ್ದರು. ಬೆಂಗಳೂರಿನಲ್ಲಿರುವ ತಮ್ಮನ ಸಹಿಯನ್ನೂ ಹಾಕಿಸಿ ತಂದಿದ್ದರು. ಮಳೆಯಲ್ಲಿ ಕೈಚೀಲಕ್ಕೆ ಸ್ವಲ್ಪ ನೀರು ಹೋಗಿದೆ, ಅಷ್ಟೇ. "ಇದೆಂತ ತಮಾ, ಅಕ್ಷರ ಎಲ್ಲ ಹರಡಿ ಹೋಯ್ದಲಾ" ಅಂತ ಕಾಗದ ಬಿಡಿಸಿ ತೋರಿಸಿದರು. ಕಪ್ಪು ಅಕ್ಷರಗಳು ನೇರಳೆ ಕಲೆಯಾಗಿ ಹಬ್ಬಿದ್ದವು. ಬಾಲ್ ಪೆನ್ನಿನ ಸಹಿಗಳು ಮಾತ್ರ ಹಾಗೇ ಇದ್ದವು. ಪ್ರಿಂಟ್ ಮತ್ತೆ ಕೊಡಬಹುದು, ಸಹಿಗಳನ್ನು ಎಲ್ಲಿಂದ ತರುವುದು? ಅವರ ಮುಖ ನೋಡಿ ನನಗೆ ಅವತ್ತು ಊಟ ಸೇರಲಿಲ್ಲ.

ಕಾರಣ ಆ ಅಗ್ಗದ ಇಂಕು. ಇಂಕ್‌ನಲ್ಲಿ ಎರಡು ಜಾತಿ. ಡೈ ಇಂಕ್‌ನಲ್ಲಿ ಬಣ್ಣ ಪೂರ್ತಿ ಕರಗಿರುತ್ತದೆ, ನೀರು ತಾಗಿದರೆ ಮತ್ತೆ ಕರಗುತ್ತದೆ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಸಣ್ಣ ಕಣಗಳು ಕಾಗದದ ಮೇಲೆ ಕೂರುತ್ತವೆ, ಸುಲಭಕ್ಕೆ ಬಿಡುವುದಿಲ್ಲ. ಎಚ್‌ಪಿ, ಕ್ಯಾನನ್‌ನ ಎರಡು ಕಾರ್ಟ್ರಿಜ್‌ನ ಮನೆ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕಪ್ಪು ಪಿಗ್ಮೆಂಟ್, ಕಲರ್ ಡೈ. ಎಲ್ಲದಕ್ಕೂ ಆಗುತ್ತದೆ ಅಂತ ಲೇಬಲ್ ಇಲ್ಲದ ಬಾಟಲಿಯಿಂದ ಅವನು ತುಂಬಿಸಿದ್ದು ಡೈ. ಘಟ್ಟದ ಮೇಲಿನ ಮಳೆಗಾಲ ಗೊತ್ತಲ್ವಾ, ರೀಮ್ ಒಡೆದಿಟ್ಟ ಹಾಳೆಯೇ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಅಲ್ಲಿ ಡೈ ಇಂಕ್ ಇನ್ನೂ ಜಾಸ್ತಿ ಹರಡುತ್ತದೆ. ಸಹಿ, ಸೀಲು ಬೀಳುವ ಕಾಗದಗಳನ್ನು ಈಗ ಲೇಸರ್ ಪ್ರಿಂಟರ್‌ನಲ್ಲೇ ಕೊಡುತ್ತಿದ್ದೇವೆ. ಅದರ ಟೋನರ್ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟುವುದರಿಂದ ನೀರಿಗೆ ಹರಡುವುದಿಲ್ಲ.

ಕಲರ್ ಕಾರ್ಟ್ರಿಜ್‌ದೂ ಅದೇ ಕಥೆ. ಒದ್ದೆ ಟಿಶ್ಯೂ ಮೇಲೆ ನಾಝಲ್ ಒತ್ತಿದರೆ ನೀಲಿ, ಗುಲಾಬಿ, ಹಳದಿ ಮೂರು ಪಟ್ಟಿ ಬೇರೆ ಬೇರೆ ಕಾಣಬೇಕು. ನಮ್ಮದರಲ್ಲಿ ಹಳದಿಯ ಜಾಗದಲ್ಲಿ ಪಾಚಿ ಹಸಿರು ಬಂತು. ಒಳಗಿನ ಸ್ಪಂಜಿಗೆ ಹಿಡಿಯುವುದಕ್ಕಿಂತ ಜಾಸ್ತಿ ಸಿರಿಂಜಿನಲ್ಲಿ ತುಂಬಿದರೆ ಒಂದು ಬಣ್ಣ ಇನ್ನೊಂದಕ್ಕೆ ನುಗ್ಗುತ್ತದೆ. ದುಡ್ಡು ಕೊಡುವ ಮೊದಲೇ ಈ ಟಿಶ್ಯೂ ಪರೀಕ್ಷೆ ಮಾಡಿ. ಕಪ್ಪಿನದ್ದಾದರೆ ಒಂದು ಪ್ರಿಂಟ್ ತೆಗೆದು, ಒಣಗಿದ ಮೇಲೆ ಒದ್ದೆ ಬೆರಳಿನಲ್ಲಿ ಉಜ್ಜಿ ನೋಡಿ.

ಕಾರ್ಟ್ರಿಜ್‌ನಲ್ಲಿ ಇಂಕ್ ಪೂರ್ತಿ ಖಾಲಿಯಾಗುವ ತನಕ ಪ್ರಿಂಟ್ ತೆಗೆಯುತ್ತಾ ಹೋಗಬೇಡಿ. ಈ ಪ್ರಿಂಟರ್‌ಗಳ ಕಾರ್ಟ್ರಿಜ್‌ನಲ್ಲಿ ಇಂಕನ್ನು ಕಾಯಿಸಿ ಹನಿ ಚಿಮ್ಮಿಸುತ್ತಾರೆ. ಇಂಕ್ ಇಲ್ಲದೆ ಓಡಿಸಿದರೆ ನಾಝಲ್ ಸುಟ್ಟು ಹೋಗುತ್ತದೆ, ಆಮೇಲೆ ಎಷ್ಟು ತುಂಬಿಸಿದರೂ ಸುಮ್ನೆ.

ಇನ್ನು ಕೆಟ್ಟು ಹೋದದ್ದನ್ನು ಗುಜರಿಗೆ ಕೊಡಬೇಡಿ. ಅಂಥವೇ ಒರೆಸಿ, ತುಂಬಿಸಿ, ಹೊಸ ಪೆಟ್ಟಿಗೆಯಲ್ಲಿ ಒರಿಜಿನಲ್ ಅಂತ ಮಾರಾಟಕ್ಕೆ ಬರುತ್ತವೆ. ಲೇಬಲ್ ಕಿತ್ತು, ತಾಮ್ರದ ಚುಕ್ಕೆಗಳ ಮೇಲೆ ಗೀರು ಹಾಕಿಡಿ. ಹಿತ್ತಲಲ್ಲಿ ಸುಡುವುದಂತೂ ಬೇಡವೇ ಬೇಡ. 2022ರ ಇ-ತ್ಯಾಜ್ಯ (ಕೆಟ್ಟ ಎಲೆಕ್ಟ್ರಾನಿಕ್ ಸಾಮಾನು) ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆ ಪಟ್ಟಿಯಲ್ಲಿ ಪ್ರಿಂಟರ್ ಜೊತೆ ಕಾರ್ಟ್ರಿಜ್ ಕೂಡ ಇದೆ, ಮರುಬಳಕೆಯ ಹೊಣೆ ತಯಾರಕರದ್ದು. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.

ಆ ರೀಫಿಲ್‌ನವನು ಈಗ ನಮ್ಮ ಫೋನ್ ಎತ್ತುವುದಿಲ್ಲ. ಸಿದ್ದಾಪುರ, ಯಲ್ಲಾಪುರ ಕಡೆಯ ಅಂಗಡಿಗಳಿಗೂ ಹೋಗುತ್ತೇನೆ ಅಂತ ಅವನೇ ಹೇಳಿದ್ದ. ನಿಮ್ಮಲ್ಲಿಗೆ ಬಂದರೆ ಮೊದಲು ಇಂಕ್ ಬಾಟಲಿ ತೋರಿಸಲು ಹೇಳಿ. ಕಾರ್ಟ್ರಿಜ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಲೇಬಲ್ ಅಲ್ಲದೆ ಪ್ಲಾಸ್ಟಿಕ್ ಮೇಲೂ ಸೂಜಿಯಿಂದ ಒಂದು ಗುರುತು ಹಾಕಿಡಿ.